ಬರ್ಫದ ಯಂತ್ರಕ್ಕೆ ಎರಡನೇ ಹಿಡಿಕೆ

ಬರ್ಫಕ್ಕೆ ವಾಸನೆ ಇರುವುದಿಲ್ಲ ಎಂದು ಹೇಳುವವರು ಅದನ್ನು ಫ್ರಿಜ್ಜಿನಲ್ಲಿ ಮಾತ್ರ ಕಂಡವರು. ಬಸವೇಶ್ವರಿ ಚಿಕ್ಕವಳಿದ್ದಾಗ ಕಂಡ ಬರ್ಫಕ್ಕೆ ಹಸಿ ಗೋಣಿಚೀಲದ ವಾಸನೆ ಇತ್ತು, ಭತ್ತದ ಹೊಟ್ಟಿನ ವಾಸನೆ ಇತ್ತು, ಬಸ್ಸಿನ ಟಾಪಿನ ಮೇಲೆ ಅದರ ಪಕ್ಕದಲ್ಲೇ ಕಟ್ಟಿ ಕೂಡಿಸಿದ ಯಾರದೋ ಆಡಿನ ವಾಸನೆಯೂ ಇತ್ತು. ನಾರಾಯಣಪೇಟೆಯಲ್ಲಿ ಅವಳ ಅಪ್ಪ ಶಂಕರಯ್ಯ ರಾಯಚೂರಿನ ಮೊದಲ ಬಸ್ಸಿಗೆ ಬರುವ ಬರ್ಫದ ಗಡ್ಡೆಯನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದ. ಅವನು ಓಣಿಯ ತಿರುವಿನಲ್ಲಿ ಕಾಣುವ ಮುಂಚೆಯೇ ವಾಸನೆ ಅಂಗಳಕ್ಕೆ ಬಂದು ನಿಲ್ಲುತ್ತಿತ್ತು. ಅದು ಬಂದ ದಿನ ಬಸವೇಶ್ವರಿಗೆ ಜ್ವರ ಬರುತ್ತಿತ್ತು. ಶಾಲೆಯ ಗಂಟೆ ಬಾರಿಸಿ ಬಾಗಿಲು ಹಾಕಿದ ಮೇಲೆ ಇಳಿಯುತ್ತಿತ್ತು.

ಆ ಜ್ವರದ ಫಲವೋ ಏನೋ, ಅವಳು ಜೀವನಪೂರ್ತಿ ಬರ್ಫವನ್ನೇ ಹೆರೆದಳು. ಮದುವೆಯಾಗಿ ಮಕ್ತಲಿಗೆ ಬಂದ ಕೆಲವು ವರ್ಷಕ್ಕೆ ಅಪ್ಪನ ಯಂತ್ರವೂ ಅವಳ ಹಿಂದೆಯೇ ಬಂತು. ಬೀಡಿನ ಕಬ್ಬಿಣದ್ದು, ಎಮ್ಮೆಕರುವಿನಷ್ಟು ಭಾರ. ಮೇಲಿನ ಮುಳ್ಳಿನ ತಟ್ಟೆ ಬರ್ಫದ ಗಡ್ಡೆಯನ್ನು ಕಚ್ಚಿ ಹಿಡಿಯುತ್ತಿತ್ತು. ಬಲಕ್ಕಿದ್ದ ಹಿಡಿಕೆ ತಿರುಗಿಸಿದರೆ ಗಡ್ಡೆ ಕೆಳಗಿನ ಅಲಗಿನ ಮೇಲೆ ಗರಗರ ತಿರುಗಿ, ಅಡಿಯಲ್ಲಿ ಹಿಡಿದ ಕಪ್ಪಿನೊಳಗೆ ಹಿಟ್ಟಿನಂತೆ ಉದುರುತ್ತಿತ್ತು. ಅದರ ಮೇಲೆ ಕೆಂಪು, ಹಳದಿ, ಹಸಿರು ಪಾಕ. ಮಕ್ತಲಿನ ಬಸ್ ಸ್ಟ್ಯಾಂಡಿನ ಬೇವಿನಮರದ ಕೆಳಗೆ ಬಂಡಿ ನಿಲ್ಲಿಸಿಕೊಂಡು ಮೂವತ್ತೆರಡು ಬೇಸಿಗೆ ಅವಳು ಹೀಗೆ ಊರಿನ ನಾಲಿಗೆಗೆ ಬಣ್ಣ ಹಾಕಿದ್ದಳು.

ಹೋದ ದೀಪಾವಳಿಗೆ ಅವಳ ಬಲಭುಜ ಹಿಡಿದುಕೊಂಡಿತು. ಕೈ ಸೊಂಟದ ಮೇಲಕ್ಕೆ ಬರಲೊಲ್ಲದು. ರಾಯಚೂರಿನ ಡಾಕ್ಟರು ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಹತ್ತಿಸುವ ವ್ಯಾಯಾಮ ಹೇಳಿದರು. ಅವಳು ಹತ್ತಿಸಿದಳು. ಗೋಡೆಯ ಮೇಲಿದ್ದ ಹಲ್ಲಿ ಒಂದು ವಾರ ಅವಳನ್ನು ನೋಡಿ, ಇದಕ್ಕೆ ಬುದ್ಧಿಯಿಲ್ಲ ಎಂದುಕೊಂಡು ಅಡುಗೆಮನೆಗೆ ಹೋಯಿತು. ಭುಜ ಮಾತ್ರ ಇದ್ದಲ್ಲೇ ಇತ್ತು. ಅದು ಸಾಲದೆಂಬಂತೆ ಸಂಕ್ರಾಂತಿಯ ಹೊತ್ತಿಗೆ ಅಪ್ಪನ ಯಂತ್ರದ ಚೌಕಟ್ಟು ನಡುವಿಗೆ ಸೀಳಿತು. ಇಬ್ಬರಿಗೂ ಒಂದೇ ವಯಸ್ಸು, ಒಂದೇ ರೋಗ.

"ಚಲೋನೇ ಆತು," ಎಂದ ಗಂಡ ಶರಣಯ್ಯ. "ಇನ್ನ ಮನ್ಯಾಗ ಕೂಡು. ನಾನೂ ಇದೀನಲ್ಲ."

ತೊಂದರೆ ಇದ್ದದ್ದೇ ಅಲ್ಲಿ. ಶರಣಯ್ಯ ಮೂವತ್ತನಾಲ್ಕು ವರ್ಷ ಬಸ್ಸಿನ ಕಂಡಕ್ಟರಾಗಿದ್ದು, ಮೂರು ವರ್ಷದ ಹಿಂದೆ ರಿಟೈರಾದವನು. ಅವನು ರಿಟೈರಾದನೇ ಹೊರತು ಅವನ ಗಂಟಲು ಆಗಿರಲಿಲ್ಲ. ಹೆಂಡತಿ ಅಡುಗೆಮನೆಯಿಂದ ಹಿತ್ತಲಿಗೆ ಹೊರಟರೆ "ಎಲ್ಲಿಗೆ?" ಎಂದು ಕೇಳುತ್ತಿದ್ದ. ಹಿತ್ತಲಿನಿಂದ ಬಂದರೆ "ಎಲ್ಲಿಂದ?" ಎನ್ನುತ್ತಿದ್ದ. ಲಿಂಗಪೂಜೆಗೆ ಕೂತಾಗಲಾದರೂ ಸುಮ್ಮನಿರುತ್ತಾನೆಂದರೆ, ಶಿವನಿಗೂ ಅಂದಿನ ಸುದ್ದಿಯನ್ನೆಲ್ಲ ಹೇಳಿ ಮುಗಿಸಿಯೇ ಏಳುತ್ತಿದ್ದ. ಅವರ ಸಂಸಾರ ಇಷ್ಟು ವರ್ಷ ಸುಖವಾಗಿ ಸಾಗಿದ್ದಕ್ಕೆ ಕಾರಣ ಅವನು ಬಸ್ಸಿನಲ್ಲಿದ್ದದ್ದು, ಅವಳು ಬಂಡಿಯ ಹತ್ತಿರ ಇದ್ದದ್ದು. ಬೇವಿನ ನೆರಳು ಹೋದರೆ ಉಳಿಯುವುದು ಈ ಎರಡು ಪ್ರಶ್ನೆಗಳು ಮತ್ತು ಅವುಗಳ ನಡುವಿನ ಅವಳು.

ನೆರಳು ಹೋಗುವುದಕ್ಕೂ ತಾರೀಕು ಗೊತ್ತಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಬರೆದಿಡದ ಒಂದು ಕಟ್ಟಳೆ ಇದೆ: ಯುಗಾದಿಯ ದಿನ ಮರದ ಬುಡದಲ್ಲಿ ಯಾರ ಬಂಡಿ ನಿಂತು ವ್ಯಾಪಾರ ಮಾಡುತ್ತದೋ ಆ ಬೇಸಿಗೆಯ ನೆರಳು ಅವರದು. ಈ ಸಲ ನರೇಂದರ್ ಟೇಪು ಹಿಡಿದು ನೆರಳು ಅಳೆದುಕೊಂಡು ಹೋಗಿದ್ದ. ಅವನದು ಫೋನಿನ ಕವರು ಮಾರುವ ಅಂಗಡಿ. ಈಗ ಗಾಜಿನ ಮುಚ್ಚಳದ ಐಸ್‌ಕ್ರೀಮ್ ಡಬ್ಬಿ ಕೊಂಡಿದ್ದ. ಕೆಟ್ಟವನಾಗಿದ್ದರೆ ಬಸವೇಶ್ವರಿ ಬೈದಾದರೂ ಹಗುರಾಗುತ್ತಿದ್ದಳು. ಅವನು ಮರ್ಯಾದಸ್ಥ.

"ಅಮ್ಮಾ, ನೀವು ಬಂದ್ರ ಜಾಗ ನಿಮ್ಮದೇ ರೀ," ಎಂದಿದ್ದ ಮನೆಗೇ ಬಂದು. "ಬರೂದಿಲ್ಲಂದ್ರ ಖಾಲಿ ಯಾಕ ಬಿಡಬೇಕಂತ, ಅಷ್ಟ."

"ಬರ್ತೀನಿ," ಎಂದಳು ಬಸವೇಶ್ವರಿ.

"ಯಾವ ಕೈಲೆ?" ಎಂದು ಒಳಗಿನಿಂದ ಶರಣಯ್ಯ ಕೇಳಿದ.

ಎಡಗೈಲೆ. ಅದನ್ನು ಗಟ್ಟಿಯಾಗಿ ಹೇಳದೆ ಅವಳು ಮರುದಿನ ಮಾರೆಪ್ಪನ ಹತ್ತಿರ ಹೋದಳು. ಲೋಕದ ಬರ್ಫದ ಯಂತ್ರಗಳಿಗೆಲ್ಲ ಹಿಡಿಕೆ ಬಲಕ್ಕಿರುತ್ತದೆ. ಅವಳಿಗೆ ಬೇಕಾದದ್ದು ಎಡಕ್ಕೆ. ಬಲಗೈ ಸೊಂಟದ ಮಟ್ಟದಲ್ಲಿ ಕಪ್ಪು ಹಿಡಿಯಲು ಸಾಕು.

ಮಾರೆಪ್ಪನದು ಗದ್ವಾಲ ರಸ್ತೆಯಲ್ಲಿ ವೆಲ್ಡಿಂಗ್ ಶೆಡ್ಡು. ಮೇವು ಕತ್ತರಿಸುವ ಯಂತ್ರ, ಶಾವಿಗೆ ಒತ್ತುವ ಯಂತ್ರ, ಇವೆರಡರಲ್ಲಿ ಅವನ ಕೈ ಪಳಗಿತ್ತು. ಮಿಕ್ಕಿದ್ದೆಲ್ಲ ಈ ಎರಡರಲ್ಲಿ ಒಂದರ ರೂಪ ಎಂಬುದು ಅವನ ನಂಬಿಕೆ. ಅವಳ ಮಾತು ಕೇಳಿ ಕನ್ನಡಕ ಹಣೆಗೇರಿಸಿದ.

"ಬರ್ಫ ಅಂದ್ರ ಏನಕ್ಕ? ತಣ್ಣನ ಮೇವು."

ಹತ್ತು ದಿನಕ್ಕೆ ಮೊದಲ ಯಂತ್ರ ತಯಾರಾಯಿತು. ದೊಡ್ಡ ಗಾಲಿ, ಗಾಲಿಗೆ ಎರಡು ಕುಡುಗೋಲಿನಂಥ ಅಲಗು. ಬಸವೇಶ್ವರಿ ಎಡಗೈಯಲ್ಲಿ ಒಂದೇ ಸುತ್ತು ತಿರುಗಿಸಿದಳು. ಬರ್ಫ ಸಿಡಿದು ಒಂದು ಚೂರು ಮಾರೆಪ್ಪನ ಕನ್ನಡಕಕ್ಕೆ, ಒಂದು ಕ್ಯಾಲೆಂಡರಿನ ವೆಂಕಟರಮಣನ ಹೊಟ್ಟೆಗೆ ಬಡಿಯಿತು. ಉಳಿದದ್ದು ಗೇಣುದ್ದದ ತುಂಡುಗಳಾಗಿ ಬಿತ್ತು. ಮಾರೆಪ್ಪನ ಹೆಂಡತಿ ಅನ್ನಮ್ಮ, ಬಿಸಾಡುವುದೇಕೆಂದು, ಅದನ್ನು ಎಮ್ಮೆ ಮೇವು ತಿನ್ನುವ ಗ್ವಾದಲಿಗೆ ಹಾಕಿದಳು. ಎಮ್ಮೆ ಮೂಸಿತು. ಆಮೇಲೆ ಇಡೀ ಮನೆತನವನ್ನು ಒಬ್ಬೊಬ್ಬರನ್ನಾಗಿ ನೋಡಿತು.

"ಮೇವಲ್ಲ ಬಿಡು," ಎಂದ ಮಾರೆಪ್ಪ. "ಶಾವಿಗಿ ಇರಬೇಕು."

"ಮಾರೆಪ್ಪಾ," ಎಂದಳು ಬಸವೇಶ್ವರಿ, "ನಾ ಮಾರೋದು ಬಾಯಾಗ ಕರಗಬೇಕೋ. ಕಂಠದಾಗ ಸಿಗೂದಲ್ಲ. ನಮ್ಮಪ್ಪನ ಮಷೀನು ನೋಡಿ ಮಾಡು. ಹಿಡಿಕಿ ಒಂದ ಎಡಕ್ಕ ಇಡು. ನಿನ್ನ ಬುದ್ಧಿ ಏನೂ ಹಾಕಬ್ಯಾಡ."

ಈ ಕೊನೆಯ ಮಾತಿಗೆ ಅವನು ನೊಂದುಕೊಂಡ. ಆದರೂ ಅವಳು ಸೀಳಿದ ಯಂತ್ರವನ್ನು ಆಟೋದಲ್ಲಿ ತರಿಸಿಕೊಟ್ಟ ಮೇಲೆ ಗೇಣು ಹಾಕಿ, ಬೆರಳು ಹಾಕಿ ಅಳೆದ. ಗದ್ವಾಲದ ಗುಜರಿಯಿಂದ ಎರಡು ಹಲ್ಲುಗಾಲಿ ಹುಡುಕಿ ತಂದ. ಆಮೇಲೆ ನಕ್ಷೆ ಬರೆದ. ಮಾರೆಪ್ಪ ಕಾಗದದ ಮೇಲೆ ಬರೆಯುವವನಲ್ಲ. ಕಾಗದದ ಮೇಲೆ ಬರೆದ ಯಂತ್ರ ಕಾಗದದಷ್ಟೇ ಗಟ್ಟಿ ಇರುತ್ತದೆ ಎನ್ನುತ್ತಿದ್ದ. ಅವನು ಬರೆಯುವುದು ನೆಲದ ಮೇಲೆ, ಸುಣ್ಣದಕಡ್ಡಿಯಲ್ಲಿ, ಯಂತ್ರ ಎಷ್ಟಿರಬೇಕೋ ಅಷ್ಟೇ ದೊಡ್ಡದಾಗಿ. ಆಮೇಲೆ ಗೆರೆಯ ಮೇಲೇ ಸಲಾಕೆ ಇಟ್ಟು ಕತ್ತರಿಸುವುದು. ಶೆಡ್ಡಿನ ಮುಂದಿನ ನೆಲ ಮತ್ತು ಮನೆಯ ಮುಂದಿನ ಅಂಗಳ ಎರಡೂ ಒಂದೇ. ಭಾನುವಾರ ಸಂಜೆ ಅಲ್ಲಿ ಚೌಕಟ್ಟು ಬರೆದ, ಅಲಗು ಬರೆದ, ಹಲ್ಲುಗಾಲಿ ಬರೆದ, ಎಡಗಡೆಗೆ ಒಂದೇ ಒಂದು ಹಿಡಿಕೆ ಬರೆದ. ದೂರ ನಿಂತು ನೋಡಿ ತೃಪ್ತಿಪಟ್ಟ. ಆಮೇಲೆ ಹೆಂಡದಂಗಡಿಗೆ ಹೋದ.

ಮುಂದೆ ನಡೆದದ್ದನ್ನು ಬಸವೇಶ್ವರಿಗೆ ಹೇಳಿದವಳು ಅನ್ನಮ್ಮ. ಅದೂ ಎಮ್ಮೆಯ ಹಿಂದೆ ನಿಂತು, ಪಿಸುಮಾತಿನಲ್ಲಿ.

ಸೋಮವಾರ ಬೆಳಗ್ಗೆ ಮಾರೆಪ್ಪ ಅಲಗು ಸಾಣೆ ಹಿಡಿಸಲು ಮೊದಲ ಬಸ್ಸಿಗೆ ಗದ್ವಾಲಕ್ಕೆ ಹೋದ. ಅನ್ನಮ್ಮ ಎಂದಿನಂತೆ ಎದ್ದು, ಕಣ್ಣು ಪೂರ್ತಿ ತೆರೆಯುವ ಮುಂಚೆಯೇ ಅಂಗಳ ಗುಡಿಸಿ ಸಗಣಿನೀರು ಚಳೆ ಹೊಡೆದಳು. ಹೊಡೆದ ಮೇಲೆ ಕಣ್ಣು ಪೂರ್ತಿ ತೆರೆಯಿತು. ನಕ್ಷೆ ಹೋಗಿತ್ತು.

"ಜೀವ ಬಾಯಿಗೆ ಬಂತು ನೋಡ್ರಿ ಅಕ್ಕಾರ," ಎಂದಳು. "ಯುಗಾದಿಗೆ ನಾಕ ದಿನ. ಅವರಿಗೆ ಹೇಳಿದ್ರ ಮತ್ತ ಅಳೀಬೇಕು, ಮತ್ತ ಬರೀಬೇಕು, ಮತ್ತ ಅಂಗಡಿಗೆ ಹೋಗಬೇಕು. ಆಗತಿದ್ದಿಲ್ಲ."

ಹಿಂದಿನ ಸಂಜೆ ಚಹಾ ಕೊಡಲು ಬಂದಾಗ ಅವಳು ನಕ್ಷೆಯನ್ನು ನೋಡಿದ್ದಳು. ಒಮ್ಮೆ ನೋಡಿದ ರಂಗೋಲಿ ಅವಳ ಕೈಗೆ ಮರೆಯುವುದಿಲ್ಲ. ರಂಗೋಲಿ ಡಬ್ಬಿ ತಂದು, ಅದೇ ಜಾಗದಲ್ಲಿ, ಅದೇ ಅಳತೆಗೆ ಇಡೀ ಯಂತ್ರವನ್ನು ಮತ್ತೆ ಎಳೆದಳು. ಚೌಕಟ್ಟು ಬಂತು, ಅಲಗು ಬಂತು, ಹಲ್ಲುಗಾಲಿಯೊಳಗೆ ಬರಿದಾಗಿ ಕಾಣುತ್ತದೆಂದು ಒಂದು ಕಮಲವೂ ಬಂತು. ಎಡಗಡೆ ಹಿಡಿಕೆ ಎಳೆದು ಕೈ ನಿಂತಿತು. ಎಡಕ್ಕೆ ಹಿಡಿಕೆ, ಬಲಕ್ಕೆ ಏನೂ ಇಲ್ಲ. ಒಂದು ಕಡೆ ಗಿಣಿ ಬಿಡಿಸಿ ಇನ್ನೊಂದು ಕಡೆ ಬರಿದು ಬಿಟ್ಟರೆ ಅದನ್ನು ರಂಗೋಲಿ ಅನ್ನುತ್ತಾರೆಯೇ? ಸೋಮವಾರ ಬೇರೆ. ಅವಳು ಬಲಗಡೆಗೂ ಒಂದು ಹಿಡಿಕೆ ಇಟ್ಟಳು.

"ನನಗ ಅದು ತಪ್ಪಂತ ಅನಿಸಲೇ ಇಲ್ರಿ," ಎಂದಳು ಅನ್ನಮ್ಮ. "ಕೈ ತಾನಾಗೇ ಹೋತು."

"ಮಾರೆಪ್ಪ ಏನಂದ?"

"ಕಮಲ ಯಾಕ ಅಂದ್ರು. ಚಂದ ಇರಲಿ ಅಂದೆ. ಎರಡನೇ ಹಿಡಿಕೀನ ಭಾಳ ಹೊತ್ತು ನೋಡಿದ್ರು. ಆಮ್ಯಾಲೆ, ನಿನ್ನಿ ರಾತ್ರಿ ನನಗೇನೋ ಹೊಳದಿರಬೇಕು ಅಂದ್ರು."

ಹೊಳೆದದ್ದು ಯಾವಾಗ, ಎಷ್ಟನೇ ಸೀಸೆಗೆ ಎಂದು ಮಾರೆಪ್ಪನಿಗೆ ನೆನಪಾಗಲಿಲ್ಲ. ನೆನಪಿಲ್ಲವೆಂದು ಒಪ್ಪಿಕೊಳ್ಳುವ ಜಾತಿಯವನಲ್ಲ ಅವನು. ಗೆರೆಯ ಮೇಲೆ ಸಲಾಕೆ ಇಟ್ಟ, ಕತ್ತರಿಸಿದ, ಬೆಸೆದ.

ಹೀಗೆ ಅಮಾವಾಸ್ಯೆಯ ದಿನ, ಯುಗಾದಿಯ ಮುನ್ನಾದಿನ, ಬಸವೇಶ್ವರಿ ಶೆಡ್ಡಿಗೆ ಬಂದಾಗ ಯಂತ್ರ ಎರಡೂ ಕೈ ಸೊಂಟದ ಮೇಲಿಟ್ಟ ಅತ್ತೆಯ ಹಾಗೆ ನಿಂತಿತ್ತು. ಒಂದೇ ಸಲಾಕೆಯ ಎರಡು ತುದಿಗೆ ಎರಡು ಹಿಡಿಕೆ. ಒಂದನ್ನು ತಿರುಗಿಸಿದರೆ ಇನ್ನೊಂದೂ ತಿರುಗುತ್ತಿತ್ತು.

"ನನಗಿರೋದು ಒಂದ ಕೈಯೋ ಮಾರೆಪ್ಪಾ. ನೀ ಎರಡು ಹಿಡಿಕಿ ಮಾಡೀಯಲ್ಲ."

"ಅದು ಡಿಜೈನಕ್ಕ."

"ಯಾತರ ಡಿಜೈನು?"

ಮಾರೆಪ್ಪ ತಗಡಿನ ಸೂರು ನೋಡಿದ. "ಬ್ಯಾಲೆನ್ಸು," ಎಂದ.

ಆಗಲೇ ಅನ್ನಮ್ಮ ಅವಳ ಸೆರಗು ಎಳೆದು ಎಮ್ಮೆಯ ಹಿಂದಕ್ಕೆ ಕರೆದುಕೊಂಡು ಹೋದದ್ದು. ಎಲ್ಲ ಕೇಳಿಕೊಂಡು ಬಂದು ಬಸವೇಶ್ವರಿ ಮತ್ತೆ ಯಂತ್ರದ ಮುಂದೆ ನಿಂತಳು. ನಗು ಬಂದರೂ ನಗಲಿಲ್ಲ; ನಕ್ಕರೆ ಅನ್ನಮ್ಮನಿಗೆ ಬೈಗುಳ ಬೀಳುತ್ತಿತ್ತು.

"ಬ್ಯಾಲೆನ್ಸು ಚಲೋ ಐತಿ," ಎಂದಳು. "ಆದ್ರ ಬಲಗಡೆದು ಕೊಯ್ದು ಕೊಡು. ಪಾಕದ ಬಾಟ್ಲಿ ಇಡಾಕ ಅಡ್ಡ ಆಗತೈತಿ."

"ಅಮಾಸಿ ದಿನ ಕಬ್ಬಿಣಕ್ಕ ಗರಗಸ ಹಚ್ಚೂದಿಲ್ಲಕ್ಕ, ನಮ್ಮಪ್ಪನ ಕಾಲದಿಂದ. ಹಬ್ಬ ಮುಗೀಲಿ, ಕೊಯ್ತೀನಿ."

ಅದರ ಬಗ್ಗೆ ವಾದ ಮಾಡುವಂತಿರಲಿಲ್ಲ. ಯಂತ್ರ ಎರಡು ಹಿಡಿಕೆಯೊಂದಿಗೇ ಬಂಡಿ ಹತ್ತಿತು.

ಯುಗಾದಿಯ ಬೆಳಗ್ಗೆ ಬಸವೇಶ್ವರಿ ಬೇವುಬೆಲ್ಲ ಬಾಯಿಗೆ ಹಾಕಿಕೊಂಡವಳೇ ಹೊರಟಳು. ಶರಣಯ್ಯ ಬಾಗಿಲಲ್ಲಿ ಅಡ್ಡ ನಿಂತು "ಎಲ್ಲಿಗೆ?" ಎಂದ.

"ಸ್ಟ್ಯಾಂಡಿಗೆ."

"ಒಂದು ಕೈಲೆ ಎಷ್ಟೊತ್ತು ತಿರಗಿಸ್ತಿ? ಹನ್ನೆರಡು ಗಂಟೆ ರಾಯಚೂರು ಬಸ್ಸಿಗೆ ಸುಸ್ತಾಗಿ ಕೂಡ್ತಿ. ಹಬ್ಬದ ದಿನ ಮಂದಿ ಮುಂದ ನಗಿಪಾಟಲು. ನಾ ಅಂತೂ ಬರೂದಿಲ್ಲ."

ಬರುವುದಿಲ್ಲ ಎನ್ನುತ್ತಲೇ ಬಂಡಿಯ ಹಿಂದಿನ ಹಲಗೆಗೆ ಕೈ ಹಚ್ಚಿದ. ಬರುವುದಿಲ್ಲ ಎನ್ನುತ್ತಲೇ ಗಾಂಧಿಚೌಕದ ಏರಿನಲ್ಲಿ ತಳ್ಳಿದ. ಬೇವಿನಮರದ ತನಕ ಬರದೇ ಇರುವುದಕ್ಕೆ ಹನ್ನೊಂದು ಕಾರಣ ಹೇಳಿ, ಅಲ್ಲಿ ಗಾಲಿಗೆ ಕಲ್ಲು ಕೊಟ್ಟು, ಬೆವರು ಒರೆಸಿಕೊಂಡ. ಬಸವೇಶ್ವರಿ ಇಂಥವನ್ನು ಗಮನಿಸುತ್ತಿದ್ದಳು. ಹೇಳಿದರೆ ಹನ್ನೆರಡನೇ ಕಾರಣ ಕೇಳಬೇಕಾಗುತ್ತದೆಂದು ಹೇಳುತ್ತಿರಲಿಲ್ಲ.

ನರೇಂದರ್ ಆಗಲೇ ಬಂದಿದ್ದ. ಅವನ ಐಸ್‌ಕ್ರೀಮ್ ಡಬ್ಬಿ ಗಾಲಿಯ ಹಲಗೆಯ ಮೇಲೆ, ನೆರಳಿನ ಅಂಚಿಗೆ ಸರಿಯಾಗಿ ಒಂದು ಮೊಳ ಹೊರಗೆ ನಿಂತಿತ್ತು. ನಮಸ್ಕಾರ ಮಾಡಿದ.

"ಹಬ್ಬದ ಶುಭಾಶಯ ಅಮ್ಮಾ. ಬಂದ್ರಲ್ಲ, ಸಂತೋಷ. ಆದ್ರ ಬರೇ ನಿಂತ್ರ ಆಗಂಗಿಲ್ರಿ. ಮಧ್ಯಾಹ್ನದ ಬಸ್ಸಿನ ತನಕ ನಡೀಬೇಕು. ರೂಲು ನಂದಲ್ಲ."

"ಗೊತ್ತೈತಿ ಬಿಡಪ. ಆ ರೂಲು ಮಾಡುವಾಗ ನಾನೂ ಇದ್ದೆ."

ಗದ್ವಾಲದಿಂದ ಬಂದ ಬರ್ಫದ ಗಡ್ಡೆಯನ್ನು ಮುಳ್ಳಿಗೆ ಕೊಟ್ಟು, ಎಡಗೈಯಲ್ಲಿ ಹಿಡಿಕೆ ತಿರುಗಿಸಿದಳು. ಮೊದಲು ಕರ್ ಎಂದಿತು. ಆಮೇಲೆ ಬಲಗೈಯ ಕಪ್ಪಿನೊಳಗೆ ಬಿಳಿಯ ಹುಡಿ ಬಿತ್ತು, ಸಣ್ಣಗೆ, ಗೋಧಿಹಿಟ್ಟಿಗಿಂತ ಸಣ್ಣಗೆ. ಅಪ್ಪನ ಯಂತ್ರವೂ ಇಷ್ಟು ಸಣ್ಣಗೆ ಹೆರೆದಿರಲಿಲ್ಲ. ಮೊದಲ ಕಪ್ಪನ್ನು ಮರದ ಬುಡಕ್ಕೆ ಇಟ್ಟಳು. ಒಂದು ಕಾಗೆ ಬಂದು ಕೆಂಪು ಪಾಕವನ್ನಷ್ಟೇ ಕುಡಿದು ಹೋಯಿತು.

ಹತ್ತು ಗಂಟೆಯ ತನಕ ಎಲ್ಲ ಚೆನ್ನಾಗಿತ್ತು. ಹನ್ನೊಂದಕ್ಕೆ ಎಡಗೈ ಭಾರವಾಯಿತು. ಮೂವತ್ತೆರಡು ಬೇಸಿಗೆ ಆ ಕೈ ಸುಮ್ಮನೆ ಕಪ್ಪು ಹಿಡಿದುಕೊಂಡು ಪಕ್ಕದಲ್ಲಿದ್ದದ್ದು. ಈಗ ಯಜಮಾನಿಕೆ ವಹಿಸಿದರೆ ಅದಕ್ಕೂ ಕಷ್ಟ. ಹನ್ನೆರಡಕ್ಕೆ ರಾಯಚೂರಿನ ಬಸ್ಸು ಬಂದು ನಿಂತು, ಹಬ್ಬದ ಬಟ್ಟೆಯ ಐವತ್ತು ಜನ ಬೆವರುತ್ತ ಇಳಿದು, ಬಂಡಿಯ ಸುತ್ತ ಮುತ್ತಿದರು. ಹಿಡಿಕೆ ಅರ್ಧ ಸುತ್ತಿಗೆ ನಿಂತಿತು. ಇನ್ನೊಮ್ಮೆ ಒತ್ತಿದಳು. ನಿಂತೇ ಇತ್ತು.

ಶರಣಯ್ಯ ಕಲ್ಲಿನ ಮೇಲೆ ಕೂತು ನೋಡುತ್ತಿದ್ದವನು ಒಂದೂ ಮಾತಾಡಲಿಲ್ಲ. ಅವನು ಸುಮ್ಮನಾದದ್ದು ಅವಳಿಗೆ ಕೈ ನಿಂತದ್ದಕ್ಕಿಂತ ಹೆಚ್ಚು ಹೆದರಿಕೆ ತಂದಿತು. ನರೇಂದರ್ ಬಗ್ಗಿ ತನ್ನ ಹಲಗೆಯ ಗಾಲಿಗಳನ್ನು ನೋಡಿಕೊಂಡ.

ಜನರ ಮುಂದೆ ನಿಂತಿದ್ದವಳು ಆಶಮ್ಮ. ಗುಂಡುಮಾಲು ಎಂಬ ಹಳ್ಳಿಯವಳು, ಮಕ್ತಲಿನಲ್ಲಿ ಕಾಯಿಪಲ್ಯ ಮಾರಿ ಬುಟ್ಟಿ ಖಾಲಿ ಮಾಡಿಕೊಂಡು ಬಸ್ಸಿಗೆ ಕಾಯುವವಳು. ಒಂಟೆತ್ತಿನ ಗಾಡಿಯನ್ನು ಎತ್ತಿಲ್ಲದೆ ಎಳೆಯಬಲ್ಲ ತೋಳು ಅವಳದು. ಅವಳು ಬಲಗಡೆಯ ಹಿಡಿಕೆಯನ್ನು ಬೆರಳಿನಿಂದ ತಟ್ಟಿದಳು.

"ಬಸಕ್ಕ, ಈ ಕಡೀದು ಯಾರಿಗೆ?"

ಬಸವೇಶ್ವರಿ ಬಾಯಿ ತೆರೆದಳು. ಮಾರೆಪ್ಪನ ಬ್ಯಾಲೆನ್ಸು, ಅನ್ನಮ್ಮನ ರಂಗೋಲಿ, ಅಮಾವಾಸ್ಯೆಯ ಗರಗಸ, ಇದನ್ನೆಲ್ಲ ಐವತ್ತು ಜನಕ್ಕೆ ಹೇಳುವಷ್ಟು ಉಸಿರಿರಲಿಲ್ಲ.

"ತಿನ್ನೋರಿಗೆ," ಎಂದಳು.

"ಅಂದ್ರ?"

"ಯಾರು ತಿಂತಾರೋ ಅವರು ತಿರಗಿಸಬೇಕು. ಹೊಸಾ ಮಷೀನು."

"ನಾನು ತಿರಗಿಸಿ, ನಾನ ತಿಂದು, ರೊಕ್ಕಾನೂ ನಾನ ಕೊಡಬೇಕು?"

"ಹೌದು. ಮನಿಯಾಗ ಬ್ಯಾರೇ ಏನು ಮಾಡ್ತೀಯವಾ ನೀನು?"

ಸುತ್ತ ನಿಂತ ಹೆಂಗಸರು ನಕ್ಕರು. ಆಶಮ್ಮ ಬುಟ್ಟಿ ಕೆಳಗಿಟ್ಟು, ಸೆರಗು ಸಿಕ್ಕಿಸಿ, ಹಿಡಿಕೆ ಹಿಡಿದಳು. ಒಂದೇ ಎಳೆತಕ್ಕೆ ಯಂತ್ರ ಗರ್ ಎಂದು ಓಡಿತು. ಕಪ್ಪು ತುಂಬಿ ಚೆಲ್ಲಿತು. ಬಸವೇಶ್ವರಿಯ ಎಡಗೈ ಈ ಕಡೆಯ ಹಿಡಿಕೆಯ ಮೇಲೆ ಸುಮ್ಮನೆ ಕೂತು, ಯಜಮಾನಿಯ ಹಾಗೆ ಜೊತೆಗೆ ತಿರುಗಿತು. ಆಶಮ್ಮ ತಾನು ತಿರುಗಿಸಿದ್ದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು.

"ಇದು ನಾ ಮಾಡಿದ್ದು," ಎಂದಳು ಪಕ್ಕದವಳಿಗೆ. "ಭಾಳ ರುಚಿ ಐತಿ."

ಅಷ್ಟು ಸಾಕಾಯಿತು. ಎಲ್ಲರಿಗೂ ತಿರುಗಿಸಬೇಕಾಯಿತು. ಹೊಸ ಮದುಮಗ ಹೆಂಡತಿಗೆ ತೋರಿಸಲೆಂದು ಮೂರು ಕಪ್ಪಿನಷ್ಟು ಹೆರೆದ. ಬಸ್ಸಿನ ಡ್ರೈವರು ಸ್ಟಿಯರಿಂಗ್ ಹಿಡಿದವನಂತೆ ಎರಡೂ ಕೈ ಹಚ್ಚಿದ. ಜನ ನೂಕಾಡತೊಡಗಿದರು. ಆಗ ಕಲ್ಲಿನ ಮೇಲಿದ್ದ ಶರಣಯ್ಯನಿಗೆ ತಡೆಯಲಾಗಲಿಲ್ಲ. ಮೂರು ವರ್ಷದಿಂದ ಬಸ್ಸು ಕಾಣದ ಗಂಟಲು ಬಿಟ್ಟ.

"ತಿರಗಿಸಿದೋರು ಮುಂದ ಸರೀರಿ, ಮುಂದ ಸರೀರಿ. ಒಳಗ ಜಾಗ ಐತಿ."

ಬಯಲಿನಲ್ಲಿ, ಮರದ ಕೆಳಗೆ, ಎಲ್ಲಿಯ ಒಳಗೆ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಮುಂದೆ ಸರಿದರು. ಸಾಲು ಆಯಿತು. ಅವನು ಒಬ್ಬೊಬ್ಬರನ್ನೂ "ಎಲ್ಲಿಗೆ? ಕೆಂಪೋ, ಹಳದಿಯೋ?" ಎಂದು ಕೇಳಿ ಹೆಂಡತಿಗೆ ಕೂಗಿ ಹೇಳುತ್ತಿದ್ದ. ಆ ಪ್ರಶ್ನೆ ಬೇರೆಯವರ ಮೇಲೆ ಬೀಳುವುದನ್ನು ಕೇಳುವುದು ಎಷ್ಟು ಹಿತವೆಂದು ಬಸವೇಶ್ವರಿಗೆ ಅಂದು ತಿಳಿಯಿತು.

ಒಂದು ಗಂಟೆಗೆ ಕಪ್ಪುಗಳು ಮುಗಿದವು. "ನನ್ನ ಹತ್ರ ಅದಾವ್ರಿ," ಎಂದು ನರೇಂದರ್ ತನ್ನ ಐಸ್‌ಕ್ರೀಮಿನ ಕಪ್ಪಿನ ಎರಡು ಕಟ್ಟು ತಂದ. "ನಾಳೆ ವಾಪಸ್ ಕೊಡ್ರಿ. ನಾ ಆಸ್ಪತ್ರಿ ಗೇಟಿನ ಕಡೆ ಹೋಗ್ತೀನಿ. ಅಲ್ಲಿ ನೆರಳು ಇಲ್ಲ, ಆದ್ರ ಮಂದಿ ಎಲ್ಲಿಗೂ ಹೋಗಂಗಿಲ್ಲ." ಹೋಗುವ ಮುಂಚೆ ಅವನೂ ಸಾಲಿನಲ್ಲಿ ನಿಂತ. ಹಿಡಿಕೆಯನ್ನು ತಿರುವುಮುರುವಾಗಿ ತಿರುಗಿಸಿದ, ಏನೂ ಉದುರಲಿಲ್ಲ. ಇದರಲ್ಲಿ ಸ್ವಿಚ್ಚು ಎಲ್ಲಿದೆ ಎಂದು ಕೇಳಿ ಶರಣಯ್ಯನಿಂದ ಬೈಸಿಕೊಂಡ.

ಮಾರೆಪ್ಪ ಬಂದದ್ದು ಎರಡರ ಮೇಲೆ, ಹೊಸ ಅಂಗಿ ಹಾಕಿಕೊಂಡು, ಕಂಕುಳಲ್ಲಿ ಗರಗಸ ಇಟ್ಟುಕೊಂಡು. ಸಾಲು ನೋಡಿ, ಗರಗಸವನ್ನು ಬೆನ್ನ ಹಿಂದೆ ಸರಿಸಿದ.

"ಕೊಯ್ಯೋದೇನಕ್ಕ?"

"ಮುಟ್ಟಿದ್ರ ಕೈ ಮುರೀತೀನಿ. ನನಗ ಇನ್ನೂ ಒಂದು ಐತಿ."

ಅವನು ಗಂಟಲು ಸರಿಮಾಡಿಕೊಂಡು ಸಾಲಿನಲ್ಲಿದ್ದವರಿಗೆ ವಿವರಿಸತೊಡಗಿದ. ಇದು ಸಾಮಾನ್ಯ ಮಿದುಳಿಗೆ ಹೊಳೆಯುವಂಥದ್ದಲ್ಲ. ಒಂದು ಹಿಡಿಕೆ ಮಾಡುವವರು ಬಹಳ ಜನ. ಎರಡನೆಯದನ್ನು ಯೋಚಿಸಲು ರಾತ್ರಿಯೆಲ್ಲ ಕೂರಬೇಕಾಯಿತು. ಎರಡು ಹೆಜ್ಜೆ ಹಿಂದೆ, ಹಬ್ಬದ ಸೀರೆಯಲ್ಲಿ, ಅನ್ನಮ್ಮ ನಿಂತಿದ್ದಳು. ಗಂಡನ ಮಾತಿಗೆ ತಲೆಯಾಡಿಸುತ್ತಿದ್ದಳು. ಬಸವೇಶ್ವರಿ ಅವಳ ಮುಖ ನೋಡಿದಳು. ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಅನ್ನಮ್ಮ ಕಣ್ಣಿನಲ್ಲೇ ಬೇಡ ಎಂದಳು.

ಆಮೇಲೆ ಅನ್ನಮ್ಮ ಬಂಡಿಯ ಹಿಂದಿನಿಂದ, ಯಾರಿಗೂ ಕಾಣದ ಹಾಗೆ ಬಂದು, ಸೆರಗಿನ ಕೆಳಗಿನಿಂದ ಒಂದು ಸ್ಟೀಲಿನ ಡಬ್ಬಿ ತೆಗೆದಳು. ಬೆಳಗಿನ ಬೇವುಬೆಲ್ಲದ ಹೊರತು ತಾನು ಏನೂ ತಿಂದಿಲ್ಲವೆಂಬುದು ಬಸವೇಶ್ವರಿಗೆ ಅದನ್ನು ನೋಡಿದ ಮೇಲೆಯೇ ನೆನಪಾಯಿತು. ಅನ್ನಮ್ಮ ಮುಚ್ಚಳ ಬಿಚ್ಚಿ ಡಬ್ಬಿಯನ್ನು ಬಂಡಿಯ ಹಲಗೆಯ ಮೇಲೆ, ಬಸವೇಶ್ವರಿಯ ಎಡಗೈ ಎಟುಕುವಲ್ಲಿ ಇಟ್ಟಳು. ತಾನು ಎಡಗಡೆಯ ಹಿಡಿಕೆ ಹಿಡಿದುಕೊಂಡು ನಿಂತಳು. ಡಬ್ಬಿಯೊಳಗೆ ಬದನೆಕಾಯಿ ಪಲ್ಯ, ತುಪ್ಪ ಸವರಿದ ಹೋಳಿಗೆ, ಜೋಳದ ರೊಟ್ಟಿ. ಹೋಳಿಗೆಯನ್ನೂ ರೊಟ್ಟಿಯನ್ನೂ ಒಂದೊಂದು ತುತ್ತಿನಷ್ಟಾಗಿ ಮೊದಲೇ ಮುರಿದು ಇಟ್ಟಿದ್ದಳು.